ಕ್ಲಚ್ಚಿಗೆ ಎರಡು ತೊಟ್ಟು

4 ಅಕ್ಟೋಬರ್ 2025, ಶನಿವಾರ

ಹೆಲಿಕಾಪ್ಟರ್ ಇವತ್ತು ಹಾರ್ಲಿಲ್ಲ. ವಿಜಯಪುರದಾಚೆ ಬಯಲಲ್ಲಿ ರಿಮೋಟ್ ಹಿಡ್ಕೊಂಡು ಎಷ್ಟು ರೇಸ್ ಕೊಟ್ರೂ ಇಂಜಿನ್ನು ಕಿರುಚ್ತಿತ್ತು, ರೆಕ್ಕೆ ಮಾತ್ರ ಸೋಮಾರಿ ಥರ ಸುತ್ತುತ್ತಿತ್ತು. ಸೊಂಟದೆತ್ತರಕ್ಕೆ ಎದ್ದು ಕುಸೀತು. ಕ್ಲಚ್ ಜಾರ್ತಿದೆ ಅಂತ ಆಗ್ಲೇ ಅನ್ನಿಸ್ತು.

ಮನೇಲಿ ಬಿಚ್ಚಿ ನೋಡಿದ್ರೆ ಕ್ಲಚ್ ಲೈನಿಂಗ್ ತುಂಬ ಎಣ್ಣೆ. ಒಣಗಿರಬೇಕಾದ ಜಾಗ ಅದು. ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡು ಕೂತಿದ್ರೆ ಅಮ್ಮನೇ ಹೇಳಿದ್ಲು. "ಆಯುಧ ಪೂಜೆ ದಿನ ರೇಷ್ಮೆ ಹುರಿ ಮಿಷನ್ ಕದಿರಿಗೆಲ್ಲ ಎಣ್ಣೆ ಬಿಟ್ಟೆನಲ್ಲ, ಇದೂ ಮಿಷನ್ನೇ ಅಲ್ವಾ ಅಂತ ಇದಕ್ಕೂ ಎರಡೆರಡು ತೊಟ್ಟು ಬಿಟ್ಟೆ ಕಣಪ್ಪ." ಅವಳು ಇಟ್ಟ ಕುಂಕುಮ ಕಂಡಿತ್ತು, ಎಣ್ಣೆ ಕಂಡಿರ್ಲಿಲ್ಲ.

ಪೆಟ್ರೋಲಲ್ಲಿ ಮೂರು ಸಲ ತೊಳ್ದೆ. ಬಟ್ಟೆಗೆ ಇನ್ನೂ ಜಿಡ್ಡು ಬರ್ತಾನೇ ಇದೆ. ಎರಡೆರಡು ಅಂದ್ಲು. ಅಂದ್ರೆ ಇನ್ನೆಲ್ಲೆಲ್ಲಿ? ಬಾಲದ ರೆಕ್ಕೆ ತಿರುಗಿಸೋ ಬೆಲ್ಟಿಗೂ ಬಿಟ್ಟಿದ್ರೆ, ಅದು ಮೇಲೆ ಹೋದ್ಮೇಲೆ ಜಾರಿದ್ರೆ, ಗಿರಗಿರ ತಿರುಗಿ ಯಾರ ಮೇಲೆ ಬೀಳತ್ತೋ. ನಾಳೆ ಮತ್ತೆ ಹಾರಿಸೋದನ್ನ ನೋಡೋಕೆ ಅಮ್ಮನೂ ಬರ್ತಾಳೆ. ಯಾವಾಗ್ಲೂ ಮುಂದೇನೇ ನಿಲ್ತಾಳೆ. ಎಲ್ಲೆಲ್ಲಿ ಬಿಟ್ಟೆ ಅಂತ ಕೇಳಿದ್ರೆ ಕೆಡಿಸಿದ್ದು ತಾನೇ ಅಂತ ಅವಳಿಗೆ ಗೊತ್ತಾಗ್ಬಿಡತ್ತೆ. ನಲವತ್ತು ವರ್ಷದಿಂದ ಶಬ್ದ ಕೇಳಿಯೇ ಯಾವ ಕದಿರಲ್ಲಿ ಎಣ್ಣೆ ಒಣಗಿದೆ ಅಂತ ಹೇಳೋಳು ಅವಳು.

ಊಟಕ್ಕೆ ಕೂತಾಗ ಅಂದ್ಲು, "ಹಾರ್ಲಿಲ್ವಲ್ಲಪ್ಪ, ಎಣ್ಣೆ ಕಮ್ಮಿ ಆಯ್ತೇನೋ. ಬೆಳಿಗ್ಗೆ ಇನ್ನೊಂದೆರಡು ತೊಟ್ಟು ಬಿಡ್ಲಾ?"

ಸಾರು ಹಾಕಮ್ಮ ಅಂದೆ. ಹೆಲಿಕಾಪ್ಟರನ್ನ ಬೀರುವಲ್ಲಿಟ್ಟು ಬೀಗ ಹಾಕಿದೀನಿ. ಇನ್ನೊಂದು ಬೀಗದ ಕೈ ಅವಳ ಸೊಂಟದಲ್ಲೇ ಇದೆ.