ಕೌದಿಯ ನಾಲ್ಕನೇ ಮೂಲೆ

ನನ್ನ ಮನೆಯಾಕೆ ನೀಲಮ್ಮಳಿಗೆ,

ಕಾಲೇಜಿನಲ್ಲಿ ಪತ್ರ ಬರೆಯುವುದನ್ನು ಇಂಗ್ಲಿಷಿನಲ್ಲಿ ಕಲಿಸಿದ್ದರು. ‘ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದಿ ಸೇಮ್...’ ಎಂದು ಶುರು. ಮುಂದಿನದು ಮರೆತಿದೆ. ನೆನಪಿದ್ದರೂ ನೀನಿರುವ ಕಡೆಗೆ ‘ದಿ ಸೇಮ್’ ಎಂದು ಹೇಗೆ ಬರೆಯಲಿ? ನಾನೂ ಕ್ವೈಟ್ ವೆಲ್ ಏನಲ್ಲ. ದಣಿದಿದ್ದೇನೆ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಚಹಾ ಆರಿ ಹೋಗಿರುತ್ತದೆ.

ಆ ಕೆಂದ ನಾಯಿ ನೆನಪಿದೆಯೇ? ನೀನು ಕಟ್ಟೆಯ ಮೇಲೆ ಒಣಹಾಕಿದ್ದ ಕೌದಿಯನ್ನೇರಿ ಮಲಗಿತ್ತಲ್ಲ, ಅದೇ. “ಹಚ್ಯಾ! ನಿನ್ನ ಅಪ್ಪ ಹೊಲದಾನೇನ ಇದನ್ನ?” ಎಂದು ನೀನು ಕಸಬರಿಗೆ ಹಿಡಿದು ಓಣಿಯ ತುದಿಯವರೆಗೆ ಓಡಿಸಿದೆ. ನಾನು ನಕ್ಕೆನೆಂದು ಒಂದು ದಿನ ನನ್ನ ಜೊತೆ ಮಾತು ಬಿಟ್ಟೆ. ಆ ಕೌದಿಯನ್ನು ನೀನು ಎರಡು ಸಲ ಒಗೆದೆ. ಹೋದ ಶ್ರಾವಣದಲ್ಲಿ ನಮ್ಮ ಮನೆಯ ಮುಂದೆಯೇ, ಪರಸಿ ಕಲ್ಲು ಹೇರಿದ ಟ್ರ್ಯಾಕ್ಟರು ಅದರ ಸೊಂಟದ ಮೇಲೆ ಹೋಯಿತು. ಹಿಂಗಾಲು ಎರಡೂ ಸತ್ತವು. ನೀನಿದ್ದಿದ್ದರೆ ಏನು ಮಾಡುತ್ತಿದ್ದೆಯೋ... ನಾನು ಗೋಣಿಚೀಲದಲ್ಲಿ ಎತ್ತಿಕೊಂಡು ವಾಡಿ ರಸ್ತೆಯ ಶಾಂತಾಬಾಯಿಯ ಹತ್ತಿರ ಒಯ್ದೆ. ಹಿಂದೆ ದವಾಖಾನೆಯಲ್ಲಿ ಆಯಾ ಆಗಿದ್ದವಳು. ಈಗ ಹಳೆಯ ಗೋದಾಮಿನಲ್ಲಿ ಕುಂಟು ಕುರುಡು ನಾಯಿಗಳನ್ನು ಇಟ್ಟುಕೊಂಡಿದ್ದಾಳೆ.

ಗೋದಾಮಿನ ನೆಲವೂ ನಮ್ಮ ಶಹಾಬಾದದ ಪರಸಿಯೇ. ಬಿದ್ದಲ್ಲೇ ಬಿದ್ದಿರುವ ನಾಯಿಗಳಿಗೆ ಮೊಣಕೈ, ಸೊಂಟವೆಲ್ಲ ಹುಣ್ಣು. “ಮೆತ್ತಗ ಹಾಸಾಕ ಏನರೆ ಇದ್ರ ತಂದು ಕೊಡ್ರಿ ಕಾಕಾ” ಎಂದಳು. ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ದಬ್ಬಣ ಹಿಡಿದು ಗೋಣಿ ಹೊಲಿದವನಿಗೆ ಇದೇನು ದೊಡ್ಡದು ಅಂದುಕೊಂಡೆ. ನಿನ್ನ ಹಳೆಯ ಸೀರೆಗಳನ್ನು ಮಡಿಸಿ ಗೋಣಿಯ ಮೇಲೆ ಹೊಲಿಯುತ್ತ ಹೋದೆ. ಎ ಸ್ಟಿಚ್ ಇನ್ ಟೈಮ್ ಸೇವ್ಸ್ ಏಳೋ ಒಂಬತ್ತೋ ಅನ್ನುತ್ತಾರೆ. ನನ್ನದು ಒಂದು ಬಿಚ್ಚಿದರೆ ಸಾಲೆಲ್ಲ ಬಿಚ್ಚುತ್ತದೆ. ಆದರೂ ಒಂಬತ್ತು ಹಾಸಿಗೆ ಮಾಡಿಕೊಟ್ಟೆ. ಹದಿನೈದು ದಿನ ಬಿಟ್ಟು ಹೋದರೆ ಒಂಬತ್ತೂ ಹರಿದಿವೆ!

“ಕಾಕಾ, ಇವಕ್ಕ ಏನ ಹಚ್ಚೀರಿ? ಮೂರು ಮೂಲಿ ಸಾಬೂತ ಅದಾವ, ನಾಲ್ಕನೇದು ಅಷ್ಟ ಹರದದ. ಎಲ್ಲಾದ್ರಾಗೂ ಹಂಗ” ಎಂದಳು ಶಾಂತಾಬಾಯಿ.

“ಏನೂ ಹಚ್ಚಿಲ್ಲವ್ವಾ. ಕಡೀ ಮೂಲ್ಯಾಗ ಒಂದು ತುತ್ತು ಇಟ್ಟು ಮುಚ್ಚೀನಿ.”

“ಏನ ತುತ್ತು?”

“ರೊಟ್ಟಿ, ಒಂದೀಟ ಬೆಲ್ಲ...”

ಅವಳು ಸೆರಗು ಬಾಯಿಗೆ ಹಚ್ಚಿ ನಕ್ಕಳು. “ಅಯ್ಯ ನನ್ನಪ್ಪಾ! ರೊಟ್ಟಿ ಇಟ್ಟು ಹೊಲದ್ರ ಅವು ಮಲಗ್ತಾವೇನ್ರಿ, ಊಟಕ್ಕ ಕುಂದರ್ತಾವ!”

ನೀನೇ ಅಲ್ಲವೇ ಹೇಳಿದ್ದು? “ಹೋಳಿಗಿ ತುಣಕರೆ, ರೊಟ್ಟಿ ತುಣಕರೆ ಇಡದ ಕೌದಿ ಬಾಯಿ ಮುಚ್ಚಬಾರದ್ರಿ. ಕೌದಿ ಹಸದಿದ್ರ ಹೊದ್ದವರೂ ಹಸದ ಮಲಗ್ತಾರ.” ನನಗೆ ನಿನ್ನ ಕೆಲಸದಲ್ಲಿ ತಿಳಿದಿದ್ದು ಅದೊಂದೇ. ಅದನ್ನೇ ತಪ್ಪದೆ ಮಾಡಿದೆ.

ಶಾಂತಾಬಾಯಿ ನಗು ನಿಲ್ಲಿಸಿ ಕೆಂದ ನಾಯಿಯನ್ನು ಹೊರಳಿಸಿ ತೋರಿಸಿದಳು. ಸೊಂಟದ ಹುಣ್ಣು ಅಂಗೈಯಗಲ ಆಗಿತ್ತು. “ಎಲುಬು ಮುಟ್ಟಿದ್ರ ಸೂಜಿ ಹಾಕಿ ಮ್ಯಾಲ ಕಳಸೋದ ಅಂತ ಡಾಕ್ಟರ ಹೇಳ್ಯಾರ. ನಿಮ್ಮ ಹಾಸಗಿ ಒಳಗ ಸೀರಿ ಅರಬಿ ಸರದು ಗುಡ್ಡಿ ಆಗತಾವ್ರಿ, ನಡುವ ಕಲ್ಲ ಹತ್ತತದ. ದಪ್ಪನ್ನ ಹೆಣ್ಮಕ್ಕಳ ಕೈ ಕೌದಿ ಇದ್ರ...” ಎಂದು ಅರ್ಧಕ್ಕೇ ನಿಲ್ಲಿಸಿದಳು.

ಇತ್ತು. ಟ್ರಂಕಿನಲ್ಲಿ ಇತ್ತು. ನಮ್ಮಿಬ್ಬರಿಗೆಂದು ನೀನು ಹೊಲಿಯುತ್ತಿದ್ದದ್ದು, ಏಳು ಪದರ, ಕಾಳು ಜೋಡಿಸಿದಂಥ ಹೊಲಿಗೆ. ಮೂರು ಮೂಲೆ ಮುಗಿದು ನಾಲ್ಕನೆಯದರಲ್ಲಿ ನಿನ್ನ ಸೂಜಿ ಹಾಗೆಯೇ ಚುಚ್ಚಿಕೊಂಡಿತ್ತು. ನೀನು ಹೋದ ಮೇಲೆ ಎರಡು ವರ್ಷದಿಂದ ನಾನದನ್ನು ಹೊದ್ದಿರಲಿಲ್ಲ, ಮಗಳಿಗೂ ಕೊಟ್ಟಿರಲಿಲ್ಲ. ಒಂದು ವಾರ ಟ್ರಂಕು ತೆರೆದೆ, ಮುಚ್ಚಿದೆ. ನೀನು ಎರಡು ಸಲ ಒಗೆದದ್ದು ಕಣ್ಣ ಮುಂದೆ ಬರುತ್ತಿತ್ತು. ಅದೇ ನಾಯಿಗೇ, ನೀಲಾ? ಬೇರೆ ಯಾವುದಾದರೂ ಆಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲವೇನೋ...

ಹುಣ್ಣಿಮೆಗೆ ಮಗಳು ಸೇಡಂನಿಂದ ಹೋಳಿಗೆ ಕಳಿಸಿದ್ದಳು. ಒಂದನ್ನು ಕಾಗದದಲ್ಲಿ ಸುತ್ತಿ, ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಗೋದಾಮಿಗೆ ನಡೆದೆ. ನಾಯಿಯನ್ನು ಕೌದಿಯ ಮೇಲೆ ಮಲಗಿಸಿದೆವು. ನಿನ್ನ ಸೂಜಿಗೆ ತುಕ್ಕು ಹತ್ತಿತ್ತು, ಕಿತ್ತು ಜೇಬಿನಲ್ಲಿಟ್ಟುಕೊಂಡೆ. ಹೋಳಿಗೆಯ ತುತ್ತನ್ನು ಮೂಲೆಯೊಳಗೆ ಇಡಲಿಲ್ಲ. ನಾಯಿಯ ಬಾಯಿಗೆ ಕೊಟ್ಟೆ. ನನ್ನ ಬೆರಳು ನೆಕ್ಕಿತು. ಆಮೇಲೆ ಅದರ ಪಕ್ಕದಲ್ಲೇ ಕುಳಿತು ಬರಿದೇ ಉಳಿದ ಮೂಲೆಯನ್ನು ಮುಚ್ಚಿದೆ. ಶಾಂತಾಬಾಯಿ ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಮೊನ್ನೆ ಹೋಗಿ ನೋಡಿ ಬಂದೆ. ಹುಣ್ಣು ಒಣಗುತ್ತಿದೆ, ಅಂಚಿನಲ್ಲಿ ಹೊಸ ಚರ್ಮ ಬಂದಿದೆ. ನಾಲ್ಕನೇ ಮೂಲೆ ಸಾಬೂತಾಗಿದೆ, ನಾಯಿ ಅದರ ಮೇಲೇ ತಲೆ ಇಟ್ಟು ಮಲಗಿತ್ತು. ಕೊನೆಯ ಗೇಣು ಹೊಲಿಗೆ ಮಾತ್ರ ಸೊಟ್ಟ. ಅದು ನನ್ನದು, ನೀನು ನೋಡಿದರೆ ಗೊತ್ತಾಗುತ್ತದೆ.

ಈ ಸಲ ಕೌದಿ ಒಗೆಯುವ ಪಾಳಿ ನನ್ನದು.

ನಿನ್ನ ಮನೆಯವ