ಸಪೂರ ಸ್ವರದ ಹಕ್ಕಿ

ಅಳದಂಗಡಿ
೧೮ ಮಾರ್ಚ್ ೨೦೨೪

ಪ್ರೀತಿಯ ಮಗಳು ಹರಿಣಾಕ್ಷಿಗೆ,

ಮಸ್ಕತ್ತಿನಲ್ಲಿ ನೀನೂ ಅಳಿಯಂದಿರೂ ಕ್ಷೇಮವೇ? ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಬರೀ ಚಹಾ ಕುಡಿದು ಮಲಗುತ್ತೀಯೋ? ಅಮ್ಮನ ಸೊಂಟನೋವು ಈಗ ಕಡಿಮೆ ಉಂಟು. ನನ್ನ ಬಿಪಿಯೂ ಸರಿ ಉಂಟು. ಫೋನು ಇರುವಾಗ ಅಪ್ಪ ಕಾಗದ ಬರೆಯುವುದು ಯಾಕೆ ಎಂದು ನಗಬೇಡ. ಇದು ಮೂರನೆಯ ಹಾಳೆ, ಮೊದಲಿನ ಎರಡನ್ನು ಹರಿದು ಬಿಸಾಡಿದೆ. ಎರಡು ತಿಂಗಳಿಂದ ನೀನು ಫೋನು ಮಾಡಿದಾಗೆಲ್ಲ ನಾನು ಅದನ್ನು ಅಮ್ಮನ ಕೈಗೆ ಕೊಟ್ಟು ಅಂಗಳಕ್ಕೆ ಇಳಿಯುತ್ತಿದ್ದೇನೆ. "ಅಪ್ಪನಿಗೆ ನನ್ನ ಮೇಲೆ ಕೋಪ ಉಂಟು, ಈ ಸಲ ಬಿಸು ಹಬ್ಬಕ್ಕೆ ನಾನು ಬರುವುದಿಲ್ಲ" ಎಂದು ನೀನು ಅತ್ತುಬಿಟ್ಟೆಯಂತೆ. ಅದನ್ನು ಅಮ್ಮ ಹೇಳಿದಂದಿನಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಈಗಲೂ ಎರಡು ಸಾಲು ಬರೆದು ಎದ್ದು ಜಗಲಿಗೆ ಹೋಗಿ ಬಂದೆ.

ಮೊದಲು ನಿನ್ನೆಯ ಸಂಗತಿ ಹೇಳುತ್ತೇನೆ. ಪ್ರತಿ ವರ್ಷದ ಹಾಗೆ ಮೂಡುಬಿದಿರೆಯ ಕಾಲೇಜಿನ ಮಕ್ಕಳು ಹಕ್ಕಿ ನೋಡಲು ಬಂದಿದ್ದರು. ನಾನು ಫಾರೆಸ್ಟ್ ವಾಚರ್ ಆಗಿದ್ದಾಗ ಓಡಾಡಿದ ಅದೇ ಕಾಡುದಾರಿಯಲ್ಲಿ ಕರೆದುಕೊಂಡು ಹೋದೆ. ನನ್ನ ಕ್ರಮ ನಿನಗೆ ಗೊತ್ತುಂಟಲ್ಲ. ದುರ್ಬೀನು ಚೀಲದಿಂದ ಹೊರಗೆ ಬರಬಾರದು. ಮೊದಲು ಹೊಳೆಬದಿಯ ಪಾದೆಕಲ್ಲಿನ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಬೇಕು, ಕಿವಿಗೆ ಬಿದ್ದ ಹಕ್ಕಿಗಳ ಹೆಸರನ್ನು ಆಮೇಲೆ ಬರೆಯಬೇಕು. ನೀನು ಎರಡನೇ ಕ್ಲಾಸಿನಲ್ಲಿರುವಾಗ ಅಲ್ಲಿಯೇ ಕೂತು ಹನ್ನೊಂದು ಹಕ್ಕಿ ಹೇಳಿ, ಹನ್ನೆರಡನೆಯದಕ್ಕೆ ಕಾಯುತ್ತಾ ನಿದ್ದೆ ಹೋಗಿದ್ದೆ. ಮನೆವರೆಗೆ ಎತ್ತಿಕೊಂಡು ಬಂದವ ನಾನು. ಏನು ಭಾರ ಮಾರಾಯ್ತಿ ನೀನು!

ನಿನ್ನೆ ನನ್ನ ಪಟ್ಟಿಯಲ್ಲಿ ಬರೀ ಆರು ಹಕ್ಕಿ. ಶಿಫಾನಾ ಎಂಬ ಹುಡುಗಿಯದ್ದರಲ್ಲಿ ಹತ್ತೊಂಬತ್ತು. ನನಗೆ ಸಿಟ್ಟು ನೆತ್ತಿಗೇರಿತು. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಬರೆದಿದ್ದೀಯಾ ಎಂದು ಎಲ್ಲರೆದುರು ಗದರಿಸಿ, ಅವಳ ಹದಿಮೂರು ಹೆಸರುಗಳಿಗೆ ಗೀಟು ಎಳೆದುಬಿಟ್ಟೆ. ಬದನಿಕೆ ಹಕ್ಕಿಗೂ ಎಳೆದೆ. ಅವಳು ನನ್ನ ತಲೆಯ ಮೇಲಿನ ಕೊಂಬೆಯನ್ನು ತೋರಿಸಿದಳು. ಅಲ್ಲಿ ಅದೇ ಬದನಿಕೆ, ಹೆಬ್ಬೆರಳಿನಷ್ಟು ಹಕ್ಕಿ, ಇನ್ನೇನು ಕೈಗೆ ಸಿಗುತ್ತದೆ ಎನ್ನುವಷ್ಟು ಹತ್ತಿರ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಗಂಟಲು ನಡುಗುತ್ತಿತ್ತು. ಮಕ್ಕಳೆಲ್ಲ ಕಿವಿಗೊಟ್ಟು ನಿಂತಿದ್ದರು. ನನಗೆ ಮಾತ್ರ ಏನೂ ಕೇಳಲಿಲ್ಲ.

ಹೆದರಿಕೆಯಾಯಿತು ಮಗಳೇ. ದಪ್ಪ ಸ್ವರದ ಕುಟ್ರು ಕೇಳುತ್ತದೆ, ಮಂಗಟ್ಟೆಯ ರೆಕ್ಕೆಯ ಸದ್ದೂ ಕೇಳುತ್ತದೆ. ಸಪೂರ ಸ್ವರದ್ದು ಒಂದೂ ಇಲ್ಲ. ಚೌತಿಯ ಹೊತ್ತಿಗೇ ಸಂಶಯ ಬಂದಿತ್ತು, ಒಪ್ಪಿಕೊಳ್ಳಲು ನಾಚಿಕೆ. ಊರಿಡೀ ಹಕ್ಕಿ ಜತ್ತಪ್ಪ ಎಂದು ಕರೆಯುವಾಗ ಕಿವಿ ಹೋಯಿತೆಂದು ಯಾವ ಬಾಯಲ್ಲಿ ಹೇಳುವುದು? ಕೊನೆಗೆ ಆ ಹುಡುಗಿಯ ಹತ್ತಿರ ತಪ್ಪಾಯಿತು ಎಂದೆ, ಪೆನ್ಸಿಲನ್ನೂ ಅವಳಿಗೇ ಕೊಟ್ಟೆ. ಅವಳು ಮುಖದೆದುರು ಬಂದು ನಿಂತು, "ದಾರಿ ನೀವು ತೋರಿಸಿ ಸರ್, ಸ್ವರ ನಾನು ಹೇಳ್ತೇನೆ" ಎಂದಳು. ತುಟಿ ನೋಡಿದ್ದರಿಂದ ಅಷ್ಟೂ ಅರ್ಥವಾಯಿತು. ಮಧ್ಯಾಹ್ನದವರೆಗೆ ಹಾಗೆಯೇ ನಡೆದೆವು.

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮಿಬ್ಬರ ತಲೆಯ ಮೇಲೆ ನನ್ನ ಕೈ ಯಾವಾಗಲೂ ಉಂಟು.

ನಿನ್ನ ಅಪ್ಪ,
ಜತ್ತಪ್ಪ

ತಾ.ಕ: ಲಕೋಟೆ ಅಂಟಿಸುವ ಮೊದಲು ಅಮ್ಮ ಓದಿ ಬೈದಳು. ಹಕ್ಕಿಯ ಕತೆಯೆಲ್ಲ ಉಂಟು, ಮುಖ್ಯದ್ದೇ ಇಲ್ಲ ಎಂದಳು. ಬರೆಯುತ್ತೇನೆ. ನಿನ್ನ ಸ್ವರವೂ ಸಪೂರ, ಹರಿಣಿ. ಫೋನಿನಲ್ಲಿ ಅದು ನನಗೆ ಕೇಳುವುದಿಲ್ಲ. ಕೋಪ ಇಲ್ಲ, ಯಾವತ್ತೂ ಇರಲಿಲ್ಲ. ಬಿಸುವಿಗೆ ಬಾ. ನನ್ನ ಎದುರು ಬೆಳಕಿನಲ್ಲಿ ಕೂತು ಮಾತಾಡು, ನಾನು ನಿನ್ನ ಬಾಯಿ ನೋಡುತ್ತೇನೆ.