ಕುರಿ ಪುಟದ ಅತ್ತಿಗೆಗೆ

ಮೊಳಕಾಲ್ಮೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಕಾಟಮ್ಮ ಅತ್ತಿಗೆಯವರ ಎರಡೂ ಪಾದಗಳಿಗೆ, ಎಡಗಾಲು ಪ್ಲಾಸ್ಟರಿನಿಂದ ಹೊರಬಂದಿರುವ ಕಾರಣ ಈಗ ಯಾವ ಭೇದಭಾವವೂ ಇಲ್ಲದೆ, ಕಾಂಚನಾಳ ನಮಸ್ಕಾರ.

ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಬೇರೆ ದಾರಿ ಉಳಿದಿಲ್ಲ. ಫೋನಿನಲ್ಲಿ ನೀವು ನನ್ನನ್ನು ಬ್ಲಾಕ್ ಮಾಡಿದ್ದೀರಿ. ವಿಕಿಯಲ್ಲಿ ನಾವು ನಿಮ್ಮನ್ನು ಬ್ಲಾಕ್ ಮಾಡಿದ್ದೇವೆ. ಅಂಚೆ ಇಲಾಖೆಗೆ ಮಾತ್ರ ಆ ಸೌಲಭ್ಯ ಇನ್ನೂ ಬಂದಿಲ್ಲ. ಓಬಳಪ್ಪಣ್ಣನ ಕೈಲಿ ಹೇಳಿಸೋಣವೆಂದರೆ ಅವನು ಮೊದಲು ನನ್ನ ಅಣ್ಣನೋ, ಮೊದಲು ನಿಮ್ಮ ಗಂಡನೋ ಎಂಬುದು ಅವನಿಗೇ ಇತ್ಯರ್ಥವಾಗಿಲ್ಲ. "ನಿಮ್ಮಿಬ್ರ ಜಗಳಕ್ಕೆ ನನ್ನ ಕರೆಂಟ್ ಕಂಬ ಮಾಡ್ಬ್ಯಾಡ್ರವ್ವಾ, ಆ ಕಡೆಯಿಂದ್ಲೂ ತಂತಿ, ಈ ಕಡೆಯಿಂದ್ಲೂ ತಂತಿ" ಎಂದು ಫೋನಿಟ್ಟುಬಿಟ್ಟ. ಈ ಕಾಗದವನ್ನೂ ನಿಮಗಿಂತ ಮೊದಲು ಅವನೇ ಒಡೆದು ಓದುತ್ತಾನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಅವನಿಗೂ ತಲೆಬುಡ ತಿಳಿಯಲಿ.

ಮೇ ತಿಂಗಳಲ್ಲಿ ನೀವು ಕುರಿರೊಪ್ಪದ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡಿರಿ. ನೂರ ಹದಿನೆಂಟು ಕುರಿಗಳ ಹಿಂದೆ ದಿನವಿಡೀ ನಡೆಯುವ ಹೆಂಗಸು ಮಂಚದ ಮೇಲೆ ಅಂಗಾತ ಮಲಗಿ ಫ್ಯಾನಿಗೆ ಬೈಯುತ್ತಿದ್ದರೆ ಫ್ಯಾನಾದರೂ ಎಷ್ಟು ದಿನ ತಿರುಗೀತು? ಅದರ ಮೇಲಿನ ಕರುಣೆಯಿಂದ ನಿಮ್ಮ ಫೋನಿಗೆ ‘ಹುಲ್ಲುಸೀಮೆ’ ಎಂಬ ಆಟ ಹಾಕಿಕೊಟ್ಟೆ. ಆಟದೊಳಗೂ ಹುಲ್ಲುಗಾವಲು, ಹೊಳೆ, ತೋಳ, ಮಳೆ, ಒಂದು ಹಿಂಡು ಕುರಿ. "ಅಲ್ಲ ಕಣೇ, ಕಾಲು ಮುರ್ಕಂಡು ಕೂತ್ರೂ ನನ್ನ ಕೈಲಿ ಕುರಿ ಕಾಯಿಸ್ತೀಯಲ್ಲೇ" ಎಂದಿರಿ. ಆಮೇಲೆ ಊಟಕ್ಕೆ ಕರೆದರೂ ಫೋನಿನಿಂದ ತಲೆ ಎತ್ತಲಿಲ್ಲ.

ಆ ಆಟಕ್ಕೊಂದು ವಿಕಿ ಇದೆ. ಆಡಿದವರು ತಾವು ಕಲಿತದ್ದನ್ನು ಬರೆದಿಡುವ ಜಾಲತಾಣ. ಯಾರು ಬೇಕಾದರೂ ಬರೆಯಬಹುದು. ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಹೀಗಿದ್ದೂ ಅದು ಇನ್ನೂ ಹೊತ್ತಿ ಉರಿದಿಲ್ಲ ಎಂಬುದೇ ನನಗೆ ಮೊದಲ ಬೆರಗು. ಕನ್ನಡದ ವಿಕಿಯಲ್ಲಿ ನಲವತ್ತು ಜನ ಬರೆಯುತ್ತೇವೆ. ಚಳ್ಳಕೆರೆಯ ಜಿಲಾನ್ ಬಾಷಾ ಇದ್ದಾರಲ್ಲ, ಟ್ರ್ಯಾಕ್ಟರ್ ಮೆಕ್ಯಾನಿಕ್ಕು, ಅವರು ಆಟದೊಳಗಿನ ಕೆರೆಯ ಸುತ್ತಳತೆ ಎಷ್ಟು ಹೆಜ್ಜೆ ಎಂದು ಹನ್ನೊಂದು ದಿನ ಎಣಿಸಿದರು. ಮೂರು ಸಾವಿರದ ನಾನ್ನೂರ ಆರು. ಯಾರೂ ಕೇಳಿರಲಿಲ್ಲ, ಯಾರೂ ಶಾಲು ಹೊದಿಸಲಿಲ್ಲ. ಯಾಕೆ ಸಾಹೇಬರೇ ಎಂದರೆ, "ಗಲತ್ ಬರ್ದಿದ್ರಲ್ಲ ಮೇಡಂ, ಎದೇಲಿ ಚುಚ್ತಾ ಇತ್ತು" ಎಂದರು. ಇಲ್ಲದ ಕೆರೆಯ ಅಳತೆ ತಪ್ಪಾಗಿದೆಯೆಂದು ಎದೆ ಚುಚ್ಚುವ ಮನುಷ್ಯನಿಗೆ ನಾನು ಫೋನಿನಲ್ಲೇ ಕೈಮುಗಿದೆ.

ಇಂಥ ಮಹಾಸಂಸ್ಥಾನದಲ್ಲಿ ನನ್ನ ಹುದ್ದೆ ಸ್ವಾಗತಕಾರ್ತಿ. ಮನೆಯಲ್ಲಿ ನಾನು ನಮ್ಮ ಯಜಮಾನರು ಗೋವರ್ಧನರ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುವವಳು. ಅಲ್ಲಿ ಮಾತ್ರ ಹಿರಿಯ ಸಂಪಾದಕಿ. ಹೊಸಬರು ಬಂದರೆ ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹಾಗೆ ಒಂದು ಸ್ವಾಗತಪತ್ರ ಹಾಕಿ, ನಮ್ಮ ನಡಾವಳಿ ಕಲಿಸುತ್ತೇನೆ. ಚರ್ಚಾ ಪುಟದಲ್ಲಿ ಮಾತಾಡಿದರೆ ಕೆಳಗೆ ಸಹಿ ಹಾಕಬೇಕು. ಬೇರೆಯವರ ಸಾಲು ಅಳಿಸಿದರೆ ಕಾರಣ ಹೇಳಬೇಕು. ಎದುರಿನವರು ಒಳ್ಳೆಯವರೇ ಎಂದುಕೊಂಡು ಮಾತು ಶುರುಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಆಟದಲ್ಲಿ ಇರುವುದನ್ನು ಬರೆಯಬೇಕು, ನಿಮ್ಮ ಊರಲ್ಲಿ ಇರುವುದನ್ನಲ್ಲ. ಇಷ್ಟನ್ನೂ ನಾನು ನಿಮ್ಮ ಮಂಚದ ಪಕ್ಕ ಕೂತು, ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು, ಹೆಡ್‌ಮೇಡಂ ಥರ ಬೋಧಿಸಿದೆ. ನೀವು ಮೂರು ಸಲ ಆಕಳಿಸಿದಿರಿ.

ನಮ್ಮ ವಿಕಿಯಲ್ಲಿ ‘ಕುರಿ’ ಎಂಬ ಪುಟದಲ್ಲಿ ಎರಡೇ ಸಾಲು ಇದ್ದವು. ‘ಹಿಂಡಿನ ಕುರಿಗಳೆಲ್ಲವೂ ನೋಡಲು ಒಂದೇ ರೀತಿ ಇರುತ್ತವೆ. ಹೊಳೆ ದಾಟಿಸುವಾಗ ಎಷ್ಟು ಮುಳುಗುತ್ತವೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು.’ ನಾಲ್ಕು ವರ್ಷದ ಹಿಂದೆ ಬರೆದವಳು ನಾನು. ನಲವತ್ತು ಜನ ಓದಿ ಒಪ್ಪಿದ್ದರು.

ಜೂನ್ ಹದಿನೆಂಟಕ್ಕೆ ನೀವು ಆ ಎರಡೂ ಸಾಲನ್ನು ಕಳೆ ಕಿತ್ತಂತೆ ಕಿತ್ತು ಬಿಸಾಡಿ, ‘ಸುಳ್ಳು. ಒಂದೊಂದಕ್ಕೂ ಒಂದೊಂದು ಮಕ ಐತೆ’ ಎಂದು ಬರೆದಿರಿ. ಕೆಳಗೆ ಇಪ್ಪತ್ತಮೂರು ಹೆಸರು. ‘ಗೌಡ್ತಿ: ಹಣೆ ಅಗಲ, ತಲೆ ಎತ್ತಿ ನಡೀತಾಳೆ. ಹೊಳೆಗೆ ಇವಳನ್ನ ಮೊದ್ಲು ಬಿಡ್ರಿ, ಮಿಕ್ಕವು ಬರ್ತಾವೆ. ಕಳ್ಳಿ: ಮೂತಿ ಮ್ಯಾಲೆ ಬಿಳಿ ಬೊಟ್ಟು, ಬೇಲಿ ಕಂಡ್ರೆ ನುಗ್ತಾಳೆ. ಸೊಟ್ಟಗಿವಿ: ಪಾಪದೋಳು, ಎಲ್ರಿಗಿಂತ ಹಿಂದೆ ಬರ್ತಾಳೆ, ಕಾಯ್ಕಳ್ರಿ.’ ಹೀಗೆ.

ನಾನು ನಕ್ಕೆ. ನಿಜ ಹೇಳುತ್ತೇನೆ, ಬಿದ್ದುಬಿದ್ದು ನಕ್ಕೆ. ಪರಶುರಾಂಪುರದ ತವರುಮನೆ ಕುರಿಗಳ ಹೆಸರನ್ನೆಲ್ಲ ತಂದು ವಿಕಿಯಲ್ಲಿ ಕಟ್ಟಿಹಾಕಿದ್ದಾರೆ ಎಂದುಕೊಂಡೆ. ‘ನಿಮ್ಮ ಊರಿನ ಕುರಿ ಬೇಡ, ಆಟದ ಕುರಿ ಮಾತ್ರ’ ಎಂದು ಕಾರಣ ಹಾಕಿ ಅಳಿಸಿದೆ. ನೀವು ಮತ್ತೆ ಹಾಕಿದಿರಿ. ಮತ್ತೆ ಅಳಿಸಿದೆ. ಮೂರನೆಯ ಸಲ ಅಳಿಸಿದ ಮೇಲೆ ನೀವು ಚರ್ಚಾ ಪುಟಕ್ಕೆ ಬಂದಿರಿ. ನಲವತ್ತು ಜನರ ಮುಂದೆ ಬರೆದಿರಿ: "ಏನೇ ಕಾಂಚಿ, ಕುರಿ ಕಾಯಾಕೆ ಕಳಿಸಿದ್ರೆ ಬ್ಯಾರೇರ ಹಿಂಡು ಹೊಡ್ಕಂಡು ಮನೆಗೆ ಬಂದೋಳು ನೀನು. ನೀನು ನಂಗೆ ಕುರಿ ಮಕ ಹೇಳ್ಕೊಡ್ತೀಯಾ?" ಕೆಳಗೆ ಸಹಿಯನ್ನು ಮಾತ್ರ ನಾನು ಕಲಿಸಿದಂತೆಯೇ, ದಿನಾಂಕ ಸಮೇತ, ಅಚ್ಚುಕಟ್ಟಾಗಿ ಹಾಕಿದ್ದಿರಿ.

ನಲವತ್ತು ಜನ ನಕ್ಕರು. ಜೂನ್ ಇಪ್ಪತ್ತರಂದು, ವೈಯಕ್ತಿಕ ನಿಂದನೆಯ ಕಾರಣಕ್ಕೆ ಸಮಿತಿ ನಿಮ್ಮನ್ನು ಬ್ಲಾಕ್ ಮಾಡಿತು. ಅವತ್ತೇ ನೀವು ನನ್ನ ನಂಬರನ್ನು ಹೊರಗೆ ಹಾಕಿದಿರಿ.

ಅಣ್ಣ ಈ ಜಾಗಕ್ಕೆ ಬಂದು ಹುಬ್ಬೇರಿಸಿರುತ್ತಾನೆ. ಏರಿಸಲಿ. ಅಣ್ಣಾ, ಕೇಳು. ಆಗ ನನಗೆ ಹದಿನಾಲ್ಕು. ಅತ್ತಿಗೆ ರಾಂಪುರದಿಂದ ಸೊಸೆಯಾಗಿ ಬಂದು ಐದು ತಿಂಗಳಾಗಿತ್ತು. ನೀನು ಊರಲ್ಲಿ ಇರಲಿಲ್ಲ, ಅವ್ವನಿಗೆ ಜ್ವರ. ನನ್ನನ್ನು ಕುರಿಯ ಹಿಂದೆ ಕಳಿಸಿದರು. ನೀರಿನ ತೊಟ್ಟಿಯ ಹತ್ತಿರ ಎರಡು ಹಿಂಡು ಸೇರಿಕೊಂಡವು. ಸಂಜೆ ನಾನು ಬಹಳ ಜಂಬದಿಂದ ಮನೆಗೆ ಹೊಡೆದುಕೊಂಡು ಬಂದದ್ದು ಪಾಲಾಕ್ಷಪ್ಪನ ಹಿಂಡನ್ನು. ಅತ್ತಿಗೆ ರೊಪ್ಪದ ಬಾಗಿಲಲ್ಲಿ ಒಂದು ಸಲ ನೋಡಿ, "ಅಯ್ಯೋ ಶಿವನೇ, ಒಂದೂ ನಮ್ದಲ್ಲ ಕಣೇ" ಎಂದು ಪಿಸುಗುಟ್ಟಿದರು. ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂಡನ್ನು ವಾಪಸ್ ಹೊಡೆದುಕೊಂಡು ಹೋಗಿ ನಮ್ಮವನ್ನು ತಂದರು. ಮಾರನೆಯ ದಿನ ಪಾಲಾಕ್ಷಪ್ಪ ಊರೆಲ್ಲ ಹೇಳಿಕೊಂಡು ಬಂದಾಗ, ಅತ್ತಿಗೆ "ಕುರಿ ಕಾಯಾಕೆ ಹೋಗಿದ್ದೋಳು ನಾನೇ, ತಪ್ಪು ನಂದೇ" ಎಂದುಬಿಟ್ಟರು. ಅಂದಿನಿಂದ ಹತ್ತೊಂಬತ್ತು ವರ್ಷ ನೀನು "ರಾಂಪುರದೋಳಿಗೆ ಕುರಿ ಮಕ ಗೊತ್ತಾಗಲ್ಲ" ಎಂದು ಬಂದ ನೆಂಟರ ಮುಂದೆಲ್ಲ ನಗಾಡಿದ್ದೀಯ. ಅತ್ತಿಗೆ ಒಂದು ಸಲವೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

ಅತ್ತಿಗೆ, ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ನೀವು ನಲವತ್ತು ಜನ ಅಪರಿಚಿತರ ಮುಂದೆ ಒಡೆದಿರೆಂದು ನನಗೆ ಸಿಟ್ಟು ಬಂತು. ಕುರಿಗಳಿಗೆ ಮುಖವೇ ಇಲ್ಲ ಎಂದು ಮೂರು ಸಲ ಅಳಿಸಿದವಳು ನಾನು, ಅದೂ ನನಗಾಗಿ ಆ ಮಾತು ಕೇಳಿಸಿಕೊಂಡ ನಿಮ್ಮ ಸಾಲನ್ನು, ಎಂಬುದು ಹೊಳೆಯಲು ಎರಡು ತಿಂಗಳು ಬೇಕಾಯಿತು.

ಹೊಳೆದದ್ದು ಹೀಗೆ. ಆಗಸ್ಟ್ ಕೊನೆಯ ವಾರ, ಮಧ್ಯಾಹ್ನ, ಮಗ್ಗ ನಿಂತಿತ್ತು. ನಾನು ಆಟದಲ್ಲಿ ಹಿಂಡನ್ನು ಹೊಳೆ ದಾಟಿಸುತ್ತಿದ್ದೆ. ಅದೃಷ್ಟಕ್ಕೆ ಬಿಟ್ಟದ್ದು, ಎಂದಿನಂತೆ ಅರ್ಧ ಮುಳುಗಿದವು. ದಡದಲ್ಲಿ ಉಳಿದದ್ದೊಂದು ಬೇಲಿಗೆ ತಲೆ ತೂರಿಸುತ್ತಿತ್ತು. ಮೂತಿಯ ಮೇಲೆ ಸಾಸಿವೆಯಷ್ಟು ಬಿಳಿ ಬೊಟ್ಟು.

ನನ್ನ ಕೈ ನಿಂತುಹೋಯಿತು. ಕಳ್ಳಿ!

ವಿಕಿಯಲ್ಲಿ ಅಳಿಸಿದ್ದು ಅಳಿಯುವುದಿಲ್ಲ ಅತ್ತಿಗೆ. ಹಳೆಯದೆಲ್ಲ ಹಿಂದಿನ ಪುಟಗಳಲ್ಲಿ ಹಾಗೇ ಇರುತ್ತದೆ. ನಿಮ್ಮ ಇಪ್ಪತ್ತಮೂರು ಸಾಲನ್ನು ತೆಗೆದು, ಗೋವರ್ಧನರ ಫೋನಿನಲ್ಲಿ ಅದನ್ನಿಟ್ಟುಕೊಂಡು ನನ್ನ ಫೋನಿನ ಕುರಿಗಳನ್ನು ಒಂದೊಂದಾಗಿ ನೋಡಿದೆ. ಸೊಟ್ಟಗಿವಿ ಹಿಂದೆ ಬರುತ್ತಿದ್ದಳು. ಅಗಲ ಹಣೆಯವಳು ತಲೆ ಎತ್ತಿಕೊಂಡೇ ನಿಂತಿದ್ದಳು. ಅವಳನ್ನು ಮೊದಲು ಹೊಳೆಗೆ ಬಿಟ್ಟೆ. ಉಳಿದವು ಸಾಲು ಹಿಡಿದು, ಶಾಲೆ ಮಕ್ಕಳು ರಸ್ತೆ ದಾಟಿದ ಹಾಗೆ, ಅವಳ ಹಿಂದೆ ದಾಟಿದವು. ಒಂದೂ ಮುಳುಗಲಿಲ್ಲ. ನಾಲ್ಕು ವರ್ಷದಲ್ಲಿ ಆ ಹೊಳೆಯಲ್ಲಿ ನಾನು ಮುಳುಗಿಸಿದ ಕುರಿಗಳನ್ನು ನೆನೆದು, ಹೇಳಿದರೆ ನಗುತ್ತೀರಿ, ಜೋರಾಗಿ ಅತ್ತುಬಿಟ್ಟೆ. "ಯಾಕೇ, ಯಾರು ಹೋದ್ರು?" ಎಂದು ನಮ್ಮತ್ತೆ ಅಡುಗೆಮನೆಯಿಂದ ಓಡಿಬಂದರು. ಕುರಿ ಎಂದೆ. "ನಮ್ಮನೇಲಿ ಕುರಿ ಎಲ್ಲೈತೆ" ಎಂದು ನನ್ನ ಹಣೆ ಮುಟ್ಟಿ ನೋಡಿದರು.

ಜಿಲಾನ್ ಬಾಷಾರಿಗೆ ಫೋನು ಮಾಡಿದೆ. ಟ್ರ್ಯಾಕ್ಟರಿನ ಕೆಳಗಿನಿಂದಲೇ ಮಾತಾಡಿದರು. ಅರ್ಧ ಗಂಟೆ ಬಿಟ್ಟು ಅವರೇ ಮಾಡಿದರು: "ಯಾ ಅಲ್ಲಾ, ಮೇಡಂ, ನನ್ ಹತ್ರಾನೂ ಅದೇ ಸೊಟ್ಟಗಿವಿ ಐತ್ರೀ! ಇಷ್ಟು ದಿನ ನನ್ ಕಣ್ಣೇನು ಬಾಡಿಗೆಗೆ ಕೊಟ್ಟಿದ್ನಾ?" ಒಬ್ಬರಾದ ಮೇಲೆ ಒಬ್ಬರು ನೋಡಿದರು. ನಲವತ್ತು ಫೋನಿನಲ್ಲೂ ಅದೇ ಗೌಡ್ತಿ, ಅದೇ ಕಳ್ಳಿ. ಆಟ ಮಾಡಿದವರು ಯಾರಿಗೂ ಹೇಳದೆ ಒಂದೊಂದು ಕುರಿಗೂ ಒಂದೊಂದು ಮುಖ, ಒಂದೊಂದು ಗುಣ ಬರೆದು ಹುಲ್ಲಿನಲ್ಲಿ ಬಿಟ್ಟಿದ್ದರು. ಇಂಗ್ಲಿಷ್ ವಿಕಿಯಲ್ಲಿ ಬರೆಯುವವರು ಸಾವಿರಾರು ಜನ. ಅವರಿಗೂ ಗೊತ್ತಿರಲಿಲ್ಲ. ಇದನ್ನು ಕಂಡುಹಿಡಿದ ಸಂಶೋಧಕರು ಯಾವ ವಿಶ್ವವಿದ್ಯಾಲಯದವರು ಎಂದು ಅವರಲ್ಲೊಬ್ಬರು ಕೇಳಿದರು. ಪರಶುರಾಂಪುರ ಎಂದು ಬರೆದೆ. ಸುಳ್ಳಲ್ಲವಲ್ಲ.

ಕೆರೆಯ ಸುತ್ತ ಹೆಜ್ಜೆ ಎಣಿಸಿದವರಿಗೆ ನಾನು ಬೆರಗಾಗಿದ್ದೆ. ನೀವು ಎಣಿಸಲೂ ಇಲ್ಲ. ಮಂಚದ ಮೇಲೆ ಮಲಗಿ, ಅಂಗೈಯಗಲದ ಗಾಜಿನಲ್ಲಿ, ಜೋಳದ ಕಾಳಿನಷ್ಟು ದೊಡ್ಡ ಕುರಿಗಳನ್ನು ಬರೀ ನೋಡಿದಿರಿ. ಅದನ್ನೊಂದು ಕಂಡುಹಿಡಿದದ್ದೆಂದೂ ನೀವು ಅಂದುಕೊಳ್ಳಲಿಲ್ಲ. ಕಣ್ಣಿದ್ದವರಿಗೆಲ್ಲ ಕಾಣುತ್ತದೆ, ಈ ಹುಡುಗಿ ಯಾಕೆ ಅಳಿಸುತ್ತಾಳೆ ಎಂದು ಅಷ್ಟೇ ಕೇಳಿದಿರಿ.

ಈಗ ‘ಕುರಿ’ ನಮ್ಮ ವಿಕಿಯ ಅತಿ ಉದ್ದದ ಪುಟ. ನಿಮ್ಮ ಸಾಲುಗಳನ್ನು ನಿಮ್ಮ ಮಾತಿನಲ್ಲೇ, ‘ಮಕ’ ಎಂಬುದನ್ನೂ ತಿದ್ದದೆ, ನಿಮ್ಮ ಹೆಸರಿನಲ್ಲೇ ವಾಪಸ್ ಹಾಕಿದ್ದೇನೆ. ಹೊಸಬರಿಗೆ ಕಳಿಸುವ ಸ್ವಾಗತಪತ್ರದಲ್ಲಿ ಒಂದು ಸಾಲು ಸೇರಿಸಿದ್ದೇನೆ: ‘ನೀವು ಕಂಡದ್ದು ನಮಗೆ ಕಾಣದಿದ್ದರೆ, ಅಳಿಸುವ ಮೊದಲು ನಿಮ್ಮನ್ನು ಕೇಳುತ್ತೇವೆ.’ ಆದರೆ ಇಪ್ಪತ್ತಮೂರರ ಆಚೆಗೆ ನಾವು ಕುರುಡರು. ಇನ್ನೂ ಹತ್ತೊಂಬತ್ತು ಮುಖ ಇವೆ ಎನ್ನುತ್ತೇನೆ ನಾನು. ಹದಿನೇಳು ಎನ್ನುತ್ತಾರೆ ಜಿಲಾನ್ ಬಾಷಾ. ಗೋವರ್ಧನರು, ಅದೆಲ್ಲ ಒಂದೇ ಕುರಿ, ಕತ್ತು ತಿರುಗಿಸಿದೆ ಎನ್ನುತ್ತಾರೆ. ನೀವು ಬಂದು ಹೇಳಬೇಕು. ನಿಮ್ಮ ಬ್ಲಾಕ್ ತೆಗೆಯಲು ಸಮಿತಿ ಒಪ್ಪಿದೆ.

ಇನ್ನೊಂದು ಮಾತಿದೆ, ಇದಕ್ಕೇ ಈ ಕಾಗದದ ಅವಸರ. ಆಟದ ನಿಯಮ ನಿಮಗೆ ಹೇಳಿಕೊಡುವಾಗ ಇದನ್ನು ಬಿಟ್ಟಿದ್ದೆ. ನೂರು ದಿನ ಒಡತಿ ಮುಖ ತೋರಿಸದಿದ್ದರೆ ಹಿಂಡು ಚೆದುರಿ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಆಟದಲ್ಲಿ ಜೋಡಿಸಿಕೊಂಡ ನೆಂಟರ ಹಿಂಡು ಎಷ್ಟು ದಿನದಿಂದ ಕಾಯುತ್ತಿದೆ ಎಂದು ನನ್ನ ಪರದೆಯಲ್ಲಿ ಕಾಣುತ್ತದೆ. ನೀವು ಜೂನ್ ಇಪ್ಪತ್ತರಿಂದ ಆಟ ತೆರೆದಿಲ್ಲ. ಇವತ್ತಿಗೆ ಎಂಬತ್ತಾರು. ಇಪ್ಪತ್ತೆಂಟನೇ ತಾರೀಕಿಗೆ ನೂರು. ಕಾಲು ಸರಿಹೋಗಿದೆ, ನಿಜವಾದ ಹಿಂಡಿನ ಹಿಂದೆ ಮತ್ತೆ ನಡೆಯುತ್ತಿದ್ದೀರಿ, ಆ ಗಾಜಿನ ಕುರಿಗಳು ಯಾರಿಗೆ ಬೇಕು ಎನ್ನಬಹುದು. ಆದರೆ ಹೋದ ವಾರ ಊಟಕ್ಕೆ ಕೂತಾಗ ನೀವು ಇದ್ದಕ್ಕಿದ್ದಂತೆ "ಅಲ್ಲಿ ಗೌಡ್ತಿ ಹೆಂಗವಳೋ" ಎಂದಿರಂತೆ. ಕರೆಂಟ್ ಕಂಬ ಅಷ್ಟನ್ನು ಮಾತ್ರ ನನಗೆ ದಾಟಿಸಿತು.

ಚೆನ್ನಾಗಿದ್ದಾಳೆ ಅತ್ತಿಗೆ. ತಲೆ ಎತ್ತಿಕೊಂಡೇ ನಿಂತಿದ್ದಾಳೆ. ನನ್ನ ಮೇಲಿನ ಸಿಟ್ಟನ್ನು ಇಟ್ಟುಕೊಳ್ಳಿ, ಬೇಕಾದರೆ ನೂರರ ಮೇಲೂ ಇಟ್ಟುಕೊಳ್ಳಿ. ಹಿಂಡನ್ನು ಮಾತ್ರ ಬಿಡಬೇಡಿ. ನನ್ನ ತಪ್ಪಿಗೆ ನೀವು ಈ ಸಲವೂ ಕಳಕೊಳ್ಳುವುದು ಬೇಡ.

ನಿಮ್ಮ ಬೈಗುಳಕ್ಕೆ ಬರಗೆಟ್ಟು ಕೂತಿರುವ ನಾದಿನಿ,
ಕಾಂಚನಾ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಸಹಿಯ ಕೆಳಗೆ ತಳ್ಳಿದ್ದು. ಸಮಿತಿ ಎಂಬುದು ಇಲ್ಲ, ಅತ್ತಿಗೆ. ನಲವತ್ತು ಜನರಲ್ಲಿ ಒಬ್ಬರೂ ನಿಮ್ಮನ್ನು ಹೊರಗೆ ಹಾಕಿ ಎನ್ನಲಿಲ್ಲ. ಜಿಲಾನ್ ಬಾಷಾ ಬೇಡವೆಂದೇ ಹೇಳಿದ್ದರು. ಗುಂಡಿ ಒತ್ತಿದವಳು ನಾನೊಬ್ಬಳೇ. ಮಾರನೆಯ ಬೆಳಿಗ್ಗೆ, ನೂಲು ಸುತ್ತಲು ಕೂರುವ ಮೊದಲು, ತೆಗೆದವಳೂ ನಾನೇ. ಎಂಬತ್ತೈದು ದಿನದಿಂದ ನಿಮ್ಮ ಮೇಲೆ ಯಾವ ಬ್ಲಾಕೂ ಇಲ್ಲ. ನೀವೇ ಮೊದಲು ಕೇಳಲಿ ಎಂದು ಹೇಳದೆ ಕೂತಿದ್ದೆ.